ಹುಳದ ಮನೆಯ ಸಿನಿಮಾ

ಮೇಷ್ಟ್ರು ಕೋದಂಡರಾಮಪ್ಪನಿಗೆ ಆ ಬೆಳಿಗ್ಗೆ ಬೋರ್ಡಿನ ಕಡೆ ತಿರುಗಿ ನಿಲ್ಲುವುದೇ ಕಷ್ಟವಾಗಿಬಿಟ್ಟಿತ್ತು. ತಿರುಗಿದರೆ ಬೆನ್ನು ಬಾಗಿಲಿಗೆ ಬೀಳುತ್ತಿತ್ತು. ಬಾಗಿಲ ಆಚೆ ಬೀದಿ, ಬೀದಿಯ ಕೊನೆಯಲ್ಲಿ ರೇಷ್ಮೆ ಬೆಳೆಯುವ ಆವಲಪ್ಪನ ಮನೆ, ಆ ಮನೆಯ ಜಗಲಿಯ ಮೇಲೆ ಅಕ್ಕ. ಅಲ್ಲಿ ಕೂತವರಿಗೆ ಇಸ್ಕೂಲು ಕಾಣಿಸುವುದಿಲ್ಲ, ನಡುವೆ ಹುಣಿಸೆಮರವಿದೆ, ಅದು ಅವನಿಗೂ ಗೊತ್ತು. ಆದರೆ ಬೆನ್ನಿಗೆ ಗೊತ್ತಾಗಬೇಕಲ್ಲ. ಎಂಟರ ಮಗ್ಗಿ ಬರೆಯುತ್ತ ಎಂಟಾರಲ ಐವತ್ತಾರು ಎಂದು ಬರೆದುಬಿಟ್ಟ. ಮಕ್ಕಳು ಅದನ್ನೇ ರಾಗ ಎಳೆದು ಒಪ್ಪಿಸಿದರು. ಮೂರನೆಯ ಸಲ ಒಪ್ಪಿಸುವಾಗ ತಪ್ಪು ಅವನ ಕಿವಿಗೆ ಬಿತ್ತು, ಆದರೂ ಅಳಿಸಲು ಹೋಗಲಿಲ್ಲ. ಅಳಿಸಬೇಕಾದರೆ ಮತ್ತೆ ಬೆನ್ನು ತಿರುಗಿಸಬೇಕಿತ್ತು. ಒಂದು ದಿನ ತಪ್ಪು ಮಗ್ಗಿ ಕಲಿತರೆ ಯಾರ ಮನೆಯೂ ಮುಳುಗುವುದಿಲ್ಲ ಎಂದುಕೊಂಡು ಕುರ್ಚಿಯಲ್ಲಿ ಕೂತ.

ಅಕ್ಕ ಬಚ್ಚಮ್ಮ ಆಸ್ತಿಯಲ್ಲಿ ಪಾಲು ಕೇಳಲು ಬಂದವಳೇನಲ್ಲ. ಅವಳ ಮಗಳು ಚಿಕ್ಕಗಂಗಮ್ಮ ದೊಡ್ಡವಳಾಗಿ ಇವತ್ತಿಗೆ ನಾಲ್ಕು ದಿನ. ಮೈನೆರೆದ ಹುಡುಗಿಗೆ ಸೋದರಮಾವ ಹೋಗಿ, ತನ್ನ ಕೈಯಾರೆ ಹಸಿರು ಸೊಪ್ಪು ಕಡಿದು ತಂದು, ಮನೆಯ ಮುಂದೆ ಗುಡ್ಲು ಹಾಕಿ, ಅವಳನ್ನು ಒಳಗೆ ಕೂರಿಸಬೇಕು. ಅದು ಅಪ್ಪನ ಕೆಲಸವಲ್ಲ, ಚಿಕ್ಕಪ್ಪನ ಕೆಲಸವಲ್ಲ, ಸೋದರಮಾವನದೇ. ಅವನು ಬರುವ ತನಕ ಹುಡುಗಿಗೆ ಮನೆಯೂ ಇಲ್ಲ, ಗುಡ್ಲೂ ಇಲ್ಲ. ಕುರುಡುಮಲೆಯ ಹತ್ತಿರದ ಆ ಹಳ್ಳಿಯಲ್ಲಿ, ದನದ ಕೊಟ್ಟಿಗೆಯ ಮೂಲೆಯಲ್ಲಿ, ಅಡ್ಡ ಇಟ್ಟ ಒನಕೆಯ ಆಚೆ ಈಚಲ ಚಾಪೆಯ ಮೇಲೆ ಕೂತಿದ್ದಾಳೆ. ಹದಿಮೂರು ವರ್ಷದ ಮಗು. ಹೋಗಿ ನಾಲ್ಕು ಕೊಂಬೆ ಕಡಿದು ನೆಟ್ಟು ಬಂದರೆ ಮುಗಿಯಿತು. ಆದರೆ ಗುಡ್ಲು ಹಾಕಿದವನ ಮನೆಗೇ ಹೆಣ್ಣು ಸೇರುವುದು ಎಂದು ಎರಡೂ ಊರು ಅಂದುಕೊಳ್ಳುತ್ತವೆ, ಕೋದಂಡರಾಮಪ್ಪನ ಮಗನೋ ಕೋಲಾರದಲ್ಲಿ ಇಂಗ್ಲಿಷ್ ಓದುತ್ತಿದ್ದಾನೆ. "ನೀವು ಸೊಪ್ಪು ಹಾಕಿದ್ರೆ ಆ ಹುಡುಗೀನ ನನ್ನ ಮಗನ ಕೊರಳಿಗೆ ಕಟ್ಟಿದ ಹಾಗೇನೇ," ಎಂದು ಹೆಂಡತಿ ಭಾರತಮ್ಮ ಒಂದೇ ಒಂದು ಮಾತು ಹೇಳಿದ್ದಳು. ಅವಳು ಹೇಳದಿದ್ದರೆ ಹೋಗುತ್ತಿದ್ದೆನೆ? ಕೋಟು ತೆಗೆದು, ಪಂಚೆ ಎತ್ತಿಕಟ್ಟಿ, ಕೈಯಲ್ಲಿ ಮಚ್ಚು ಹಿಡಿದು, ಆ ಊರಿನ ಹೆಂಗಸರೆಲ್ಲ ನೋಡುತ್ತ ನಿಂತಿರುವಾಗ, ಸಗಣಿಯ ನಡುವೆ? ಹೆಂಡತಿಯ ಮಾತು ಅವನಿಗೆ ಸಿಕ್ಕಿದ ನೆಪ. ಒಳ್ಳೆಯ ನೆಪ ಸಿಕ್ಕವನಿಗೆ ಆಗುವ ಸಮಾಧಾನ ಅವನಿಗೂ ಆಗಿತ್ತು, ಅದನ್ನು ಅವನು ಯಾರ ಹತ್ತಿರವೂ ಒಪ್ಪಿಕೊಳ್ಳುವಂತಿರಲಿಲ್ಲ.

ನಿನ್ನೆ ಇಳಿಹೊತ್ತಿನಲ್ಲಿ ಅವಳು ಬಂದಾಗ ಅವನು ಒಳಕೋಣೆಯಲ್ಲಿದ್ದ. ಮುಳಬಾಗಿಲಿನಿಂದ ಕೋಲಾರಕ್ಕೆ ಬಸ್ಸಿನಲ್ಲಿ, ಕೋಲಾರದಿಂದ ಈ ಹುತ್ತೂರಿಗೆ ಕಾಲುನಡಿಗೆಯಲ್ಲಿ ಬಂದವಳ ಏದುಸಿರು ಮೊದಲು ಕೇಳಿಸಿತು, ಆಮೇಲೆ ಮಾತು. "ಅದೇನಂದ್ರೆ ನಾಯನಾ" ಎಂಬುದಿಲ್ಲದೆ ಅವಳ ಯಾವ ಮಾತೂ ಶುರುವಾಗುವುದಿಲ್ಲ, ಎದುರಿಗಿರುವುದು ಗಂಡಸಾಗಲಿ, ಹೆಂಗಸಾಗಲಿ, ಕರುವಾಗಲಿ. "ಅದೇನಂದ್ರೆ ನಾಯನಾ, ತಮ್ಮಯ್ಯ ಇಲ್ವಾ?" "ಊರಲ್ಲಿಲ್ಲ, ಕೋಲಾರಕ್ಕೆ ಹೋಗಿದಾರೆ," ಎಂದಳು ಭಾರತಮ್ಮ. ಗೋಡೆಯ ಗೂಟದಲ್ಲಿ ಅವನ ಕೋಟು ನೇತಾಡುತ್ತಿತ್ತು, ಚಪ್ಪಲಿ ಹೊಸಿಲ ಪಕ್ಕದಲ್ಲೇ ಬಿದ್ದಿತ್ತು. ಅಕ್ಕ ನಡುಮನೆಯಲ್ಲಿ ಕೂತಳು, ನೀರು ಕುಡಿದಳು, ಕೂತೇ ಇದ್ದಳು. ಕೋದಂಡರಾಮಪ್ಪ ರಾಗಿಯ ಗುಡಾಣದ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಉಸಿರು ಬಿಗಿಹಿಡಿದುಕೊಂಡಿದ್ದ. ಕೋಣೆಯೊಳಗೆ ಅವಳು ಬರುವವಳಲ್ಲ, ಮಂಚದ ಮೇಲೆ ನೆಟ್ಟಗೆ ಕೂತಿರಬಹುದಿತ್ತು. ಆದರೆ ಅವಿತುಕೊಳ್ಳುವಾಗ ಯಾರೂ ಅರ್ಧ ಅವಿತುಕೊಳ್ಳುವುದಿಲ್ಲ. ಸ್ವಲ್ಪ ಹೊತ್ತಿಗೆ ಮೂತ್ರಕ್ಕೆ ಅವಸರವಾಯಿತು. ಹಿತ್ತಲಿಗೆ ಹೋಗಬೇಕಾದರೆ ನಡುಮನೆ ದಾಟಬೇಕು. ನಲವತ್ತೆರಡು ವರ್ಷದ, ಸಂಬಳದ ಮೇಷ್ಟ್ರು, ಊರವರ ಕಾಗದವನ್ನೆಲ್ಲ ಓದಿ ಹೇಳುವವನು, ಕೊನೆಗೆ ಮೂಲೆಯಲ್ಲಿದ್ದ ಹಿತ್ತಾಳೆ ಚೊಂಬನ್ನು ಸದ್ದಾಗದ ಹಾಗೆ ಓರೆ ಹಿಡಿದುಕೊಂಡು ಕೆಲಸ ಮುಗಿಸಿದ. ಮುಗಿಯುವುದಕ್ಕೂ ಹೊರಗೆ ಅಕ್ಕ "ಬರ್ತೀನಿ ಕಣಮ್ಮ" ಎಂದು ಏಳುವುದಕ್ಕೂ ಸರಿಹೋಯಿತು. ಆದರೆ ಅವಳು ಊರಿಗೆ ಹೋಗಲಿಲ್ಲ. ಆವಲಪ್ಪನ ಹೆಂಡತಿ ಅಶ್ವತ್ಥಮ್ಮ ಅವಳ ಚಿಕ್ಕಂದಿನ ಗೆಳತಿ, ಅವರ ಜಗಲಿಯ ಮೇಲೆ ಉಳಿದುಕೊಂಡಳು. ತಮ್ಮ ಕೋಲಾರದಿಂದ ಬರುವ ತನಕ ಕಾಯ್ತೀನಿ ಎಂದಳಂತೆ. ಬೆಳಿಗ್ಗೆ ಭಾರತಮ್ಮ ಆ ಚೊಂಬನ್ನು ಹುಣಿಸೆಹಣ್ಣು ಹಾಕಿ ಮೂರು ಸಲ ತಿಕ್ಕಿದಳು.

ಹನ್ನೊಂದರ ಸುಮಾರಿಗೆ ರೇಷ್ಮೆ ಇಲಾಖೆಯ ಸಿನಿಮಾ ಮೋಟಾರು ಬಂತು. ಯುದ್ಧದ ಕಾಲ, ಪೆಟ್ರೋಲಿಗೆ ಚೀಟಿ, ಹಾಗಾಗಿ ಹಿಂಭಾಗಕ್ಕೆ ಇದ್ದಿಲ ಒಲೆ ಕಟ್ಟಿಕೊಂಡು ಕೆಮ್ಮುತ್ತ ಓಡುವ ಮೋಟಾರು. ವಿಮಾನದಿಂದ ಧುಮುಕುವ ಸಿಪಾಯಿಗಳ ಛತ್ರಿಗೆ ರೇಷ್ಮೆ ಬೇಕಾಗಿದೆ, ಹುಳಕ್ಕೆ ರೋಗ ತಗಲದ ಹಾಗೆ ಸಾಕಿ ಎಂದು ಹೇಳುವ ಸಿನಿಮಾ ಒಂದು. ಅದೊಂದನ್ನೇ ತೋರಿಸಿದರೆ ಜನ ಬರುವುದಿಲ್ಲವೆಂದು ಅದರ ಬಾಲಕ್ಕೆ ಇಪ್ಪತ್ತು ನಿಮಿಷದ ಕಥೆಯ ಸಿನಿಮಾ ಇನ್ನೊಂದು. ಬಂದವರು ಇಬ್ಬರು. ಒಬ್ಬರು ಮೈಸೂರು ಕಡೆಯ ಸಾಹೇಬರು, ತೆಲುಗು ಒಂದಕ್ಷರ ಬಾರದವರು. ಇನ್ನೊಬ್ಬ ಇದ್ದಿಲು ತುಂಬಿ ಡೈನಮೋ ನೋಡಿಕೊಳ್ಳುವ ಗಂಗುಲಪ್ಪ, ಮುಳಬಾಗಿಲ ಕಡೆಯವನು, ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಕತ್ತಲಾಗುವ ಮುಂಚೆ ಕೋಲಾರ ಸೇರಬೇಕಾದ್ದರಿಂದ ಹಗಲೇ ತೋರಿಸಬೇಕು, ತೋರಿಸಲು ಕತ್ತಲು ಬೇಕು. ಊರಿನಲ್ಲಿ ಹಗಲೂ ಕತ್ತಲಾಗಿರುವ ದೊಡ್ಡ ಜಾಗವೆಂದರೆ ಆವಲಪ್ಪನ ಹುಳದ ಮನೆಯೇ. ಹೋದ ವಾರ ಗೂಡು ಬಿಡಿಸಿ, ಹುಳ ಮೇಯಿಸುವ ತಟ್ಟೆಗಳನ್ನೆಲ್ಲ ತೊಳೆದು ಬಿಸಿಲಿಗೆ ಹಾಕಿದ್ದ, ಒಳಗೆ ಸುಣ್ಣ ಬಳಿದ ಗೋಡೆ ಬರಿದೇ ನಿಂತಿತ್ತು. "ಆದರೆ ಇದು ಮೂಕಿ ಮೇಷ್ಟ್ರೇ," ಎಂದರು ಸಾಹೇಬರು, "ಮಧ್ಯೆ ಮಧ್ಯೆ ಇಂಗ್ಲಿಷಿನಲ್ಲಿ ಅಕ್ಷರ ಬರುತ್ತೆ. ನೀವು ಪಕ್ಕದಲ್ಲಿ ನಿಂತು ಜನಕ್ಕೆ ಅರ್ಥ ಹೇಳಬೇಕು. ಇಂಗ್ಲಿಷ್ ಬರುತ್ತೆ ತಾನೆ?" "ಬರುತ್ತೆ ಸ್ವಾಮಿ." ಬರುತ್ತಿತ್ತು, ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿಕೊಂಡರೆ. "ಕಥೆ ಯಾವುದು ಸ್ವಾಮಿ?" "ಹಳೇದು. ಏಳು ಬಾಗಿಲ ತಮ್ಮ ಅಂತ. ನಿಮ್ಮ ಸೀಮೆಯದೇ ಅಂತೆ, ನಿಮಗೆ ಗೊತ್ತಿರಬೇಕು."

ಗೊತ್ತಿಲ್ಲದೆ ಏನು. ಅವನ ತಾಯಿ ದೊಡ್ಡವೆಂಕಟಮ್ಮ ರಾಗಿ ಬೀಸುತ್ತ ಆ ಕಥೆಯನ್ನು ಅದೆಷ್ಟು ಸಲ ಹೇಳಿದ್ದಳೋ. ಬಡತನಕ್ಕೆ ಬಿದ್ದ ಅಕ್ಕ, ಸಿರಿವಂತನಾದ ತಮ್ಮನ ಮನೆಗೆ ತಲೆಯ ಮೇಲೆ ಒಂದು ಸೋರೆಕಾಯಿ ಹೊತ್ತುಕೊಂಡು ಬರುತ್ತಾಳೆ. ತಮ್ಮ ಮಾಳಿಗೆಯಿಂದ ಅವಳ ಹರಕು ಸೀರೆ ನೋಡಿ, ಮನೆಯಲ್ಲಿಲ್ಲ ಅನ್ನಿ ಎಂದು ಆಳುಗಳಿಗೆ ಹೇಳಿ ಒಳಗೆ ಹೋಗಿ ಕೂರುತ್ತಾನೆ. ಏಳು ಬಾಗಿಲು, ಏಳು ಆಳು, ಏಳು ಸುಳ್ಳು. ಏಳನೆಯ ಬಾಗಿಲಿನಲ್ಲಿ ಅವಳು ನಿಂತಿರುವಾಗ ಒಳಗಿನಿಂದ ಒಂದು ಸೀನು ಕೇಳಿಸುತ್ತದೆ. ಎತ್ತಿ ಆಡಿಸಿದ ತಮ್ಮನ ಸೀನು ಅಕ್ಕನಿಗೆ ತಿಳಿಯದೆ? ಅವಳು ಮುಚ್ಚಿದ ಬಾಗಿಲಿಗೆ "ನೂರು ವರ್ಷ ಬಾಳಪ್ಪ" ಎಂದು ಹೇಳಿ, ಸೋರೆಕಾಯಿಯನ್ನು ಹೊಸಿಲ ಮೇಲಿಟ್ಟು, ಬಂದ ದಾರಿಯಲ್ಲೇ ಹೊರಟುಹೋಗುತ್ತಾಳೆ. ಅಷ್ಟೇ ಕಥೆ. ಆ ಮಾತು ಬರುವಾಗ ದೊಡ್ಡವೆಂಕಟಮ್ಮ ಬೀಸುವುದನ್ನು ನಿಲ್ಲಿಸಿಬಿಡುತ್ತಿದ್ದಳು. ಬಚ್ಚಮ್ಮ, ಆಗ ಹತ್ತು ಹನ್ನೊಂದರ ಹುಡುಗಿ, ಪುಟ್ಟ ಕೋದಂಡನನ್ನು ಎಡಸೊಂಟದ ಮೇಲೆ ಇಟ್ಟುಕೊಂಡು ಕೇಳುತ್ತಿದ್ದವಳು, ಅವನ ಮೂಗು ಹಿಡಿದು "ನೀನೂ ಹಂಗೇ ಮಾಡ್ತೀಯೇನ್ಲಾ ಕಳ್ಳ" ಎನ್ನುತ್ತಿದ್ದಳು. ಅವನನ್ನು ಹೊತ್ತು ಹೊತ್ತೇ ಅವಳ ನಡಿಗೆ ಎಡಕ್ಕೆ ವಾಲಿದ್ದು ಎಂದು ಮನೆಯಲ್ಲಿ ತಮಾಷೆ ಮಾಡುತ್ತಿದ್ದರು. ಕೋದಂಡರಾಮಪ್ಪ ಸಾಹೇಬರ ಮುಂದೆ ನಿಂತೇ ನೆಪ ಹುಡುಕಿದ. ಹೊಟ್ಟೆನೋವೆಂದು ಹೇಳಿ ಮನೆಗೆ ಹೋಗಿಬಿಡಬಹುದಿತ್ತು. ಆದರೆ ಇಂಗ್ಲಿಷ್ ಬರುತ್ತೆ ಎಂದು ಆಗಲೇ ಹೇಳಿಯಾಗಿತ್ತು, ಈಗ ಹಿಂದೆಗೆದರೆ ಬರುವುದಿಲ್ಲವೆಂದು ಆಗುತ್ತಿತ್ತು.

ಎರಡು ಗಂಟೆಗೆ ಹುಳದ ಮನೆಯ ಕಿಂಡಿಗಳಿಗೆಲ್ಲ ಗೋಣಿತಾಟು ಜಡಿದು, ಗೋಡೆಗೆ ಬಿಳಿ ಪಂಚೆ ಕಟ್ಟಿದರು. ಗಂಡಸರು ಬಲಗಡೆ, ಹೆಂಗಸರು ಎಡಗಡೆ, ಮುಂದೆ ಇಸ್ಕೂಲಿನ ಮಕ್ಕಳು. ಕೋದಂಡರಾಮಪ್ಪ ಪಂಚೆಯ ಪಕ್ಕದಲ್ಲಿ ಬೆತ್ತ ಹಿಡಿದು ನಿಂತಿದ್ದ, ಬಾಗಿಲ ಕಡೆ ನೋಡಬಾರದೆಂದು ಅಂದುಕೊಂಡೇ ನೋಡುತ್ತಿದ್ದ. ಅಶ್ವತ್ಥಮ್ಮನ ಹಿಂದೆ ಅಕ್ಕ ಬಂದಳು. ಅವನನ್ನು ಕಂಡಳು. ಕಣ್ಣಿನಲ್ಲಿ ಕೋಪವಿಲ್ಲ, ಆಶ್ಚರ್ಯವೂ ಇಲ್ಲ. ಕಳೆದುಹೋದ ಕರು ಸಂತೆಯಲ್ಲಿ ಸಿಕ್ಕಿದ ಹಾಗೆ ಮುಖ ಅರಳಿತು, ಏನೋ ಹೇಳಲು ತುಟಿ ಬಿಚ್ಚಿದಳು. ಕೋದಂಡರಾಮಪ್ಪ ಬೆತ್ತವನ್ನು ಅಡ್ಡ ಎತ್ತಿ, ಇಡೀ ಮನೆಗೆ ಕೇಳಿಸುವ ಹಾಗೆ, "ಮೈಲಿಗೆ ಇರೋ ಮನೆಯವರು ಹುಳದ ಮನೆ ಒಳಕ್ಕೆ ಬರಬಾರದು," ಎಂದ. ಹುಳಕ್ಕೆ ಮೈಲಿಗೆ ಆಗದೆಂಬುದು ಊರಿಗೆಲ್ಲ ತಿಳಿದದ್ದೇ, ಯಾರೂ ತಪ್ಪು ಹೇಳುವಂತಿರಲಿಲ್ಲ. "ಯಾರ ಮನೇಲಿ ಏನಾಯ್ತು?" ಎಂದು ಒಬ್ಬಳು ಕೇಳಿದಳು. "ನಮ್ಮ ಬಚ್ಚಕ್ಕನ ಮಗಳು ದೊಡ್ಡೋಳಾಗವ್ಳೆ, ಗುಡ್ಲು ಹಾಕೋಕೆ ತಮ್ಮನ್ನ ಕರಿಯೋಕೆ ಬಂದವ್ಳೆ," ಎಂದಳು ಅಶ್ವತ್ಥಮ್ಮ, ಮೇಷ್ಟ್ರ ಮುಖವನ್ನೇ ನೋಡುತ್ತ. ಆವಲಪ್ಪ ಹಿಂದಿನಿಂದ, "ಹುಳ ಎಲ್ಲೈತೆ ಮೇಷ್ಟ್ರೇ ಈಗ, ಬರೀ ಗೋಡೆ. ಬಾರಕ್ಕ, ಕೂತ್ಕೋ," ಎಂದ. ಹೀಗೆ ಊರಿಗೆಲ್ಲ ಅವಳು ಬಂದ ಕಾರಣವನ್ನು ತಾನೇ ಕೈಯಾರೆ ತಿಳಿಸಿದ ಹಾಗಾಯಿತು. ಬಚ್ಚಮ್ಮ ಮೈ ಮುದುಡಿಕೊಂಡು ಕೊನೆಯ ಸಾಲಿನಲ್ಲಿ ಕೂತಳು.

ಹೊರಗೆ ಗಂಗುಲಪ್ಪ ಡೈನಮೋ ತಿರುಗಿಸಿದ. ಮೊದಲ ಸಿನಿಮಾದಲ್ಲಿ ಹೆಬ್ಬಾವಿನಷ್ಟು ದಪ್ಪ ಹುಳ ಪಂಚೆಯ ಮೇಲೆ ಹರಿದು ಮಕ್ಕಳು ಚೀರಿದವು. "ಇವಕ್ಕೆ ಯಾವ ತೋಟದ ಸೊಪ್ಪು ಹಾಕ್ತಾರೆ ಕೇಳಿ ಮೇಷ್ಟ್ರೇ," ಎಂದ ಆವಲಪ್ಪ, ಎಲ್ಲರೂ ನಕ್ಕರು. ಆಮೇಲೆ ಕಥೆ. ಮೊದಲ ಅಕ್ಷರಗಳು ಬಂದವು. ಕೋದಂಡರಾಮಪ್ಪ ಎರಡು ಪದ ಕೂಡಿಸುವಷ್ಟರಲ್ಲಿ ಮಾಯವಾದವು. ಸಾಹೇಬರು ಮಷೀನಿನ ಹಿಂದಿನಿಂದ "ಹೇಳಿ, ಹೇಳಿ" ಎಂದರು. ಅವನು ಪಂಚೆಯನ್ನು ಬಿಟ್ಟು ತಾಯಿಯ ಕಥೆಯನ್ನೇ ಹಿಡಿದುಕೊಂಡ. ಒಂದಾನೊಂದು ಊರಿನಲ್ಲಿ ಎಂದು ಶುರುಮಾಡಿದಾಗ ಬಂದ ದನಿ ಅವನದಲ್ಲ, ದೊಡ್ಡವೆಂಕಟಮ್ಮನದು. ಅದೇ ಎಳೆತ, ಅದೇ ತಡೆ, ಕನ್ನಡದಲ್ಲಿ ಒಂದು ಮಾತು, ತೆಲುಗಿನಲ್ಲಿ ಒಂದು ಮಾತು. ಮೂರನೆಯ ಬಾಗಿಲಿಗೆ ಹೆಂಗಸರ ಕಡೆ ಮೂಗು ಏರಿಸುವ ಸದ್ದು ಕೇಳಿಸಿತು. ಐದನೆಯ ಬಾಗಿಲಿಗೆ ಗಂಡಸರೂ ಕೆಮ್ಮು ನಿಲ್ಲಿಸಿದರು. ಅವನಿಗೆ ಪ್ರತಿಯೊಂದು ಬಾಗಿಲಿನಲ್ಲೂ ತನ್ನ ಮೇಲೇ ತಾನು ಚಾಡಿ ಹೇಳುತ್ತಿರುವ ಹಾಗಿತ್ತು. ಇವರಿಗೆಲ್ಲ ಗೊತ್ತು, ನಿನ್ನೆ ನನ್ನ ಚಪ್ಪಲಿ ಹೊಸಿಲಲ್ಲಿ ಇದ್ದದ್ದು ಗೊತ್ತು, ಕತ್ತಲೆಯಲ್ಲಿ ಎಲ್ಲರೂ ಪಂಚೆಯನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಾರೆ. ಆರನೆಯ ಬಾಗಿಲು. ಏಳನೆಯದು.

ತಾಯಿಯ ಕಥೆಯಲ್ಲಿ ಸೀನು ಬರೀ ಕೇಳಿಸುತ್ತಿತ್ತು, ಸೀನಿದವನು ಕಾಣಿಸುತ್ತಿರಲಿಲ್ಲ. ಮೂಕಿಯಲ್ಲಿ ಕೇಳಿಸುವ ಹಾಗಿಲ್ಲವಲ್ಲ, ಆದ್ದರಿಂದ ಸಿನಿಮಾ ಮಾಡಿದವರು ತಮ್ಮನ ಮುಖವನ್ನು ಪಂಚೆಯ ತುಂಬ ತೋರಿಸಿದರು. ದುಂಡನೆಯ ಮುಖ, ಗಿರಿಜಾ ಮೀಸೆ. ಮೂಗಿನ ಹೊಳ್ಳೆ ಅರಳಿತು, ಕಣ್ಣು ಕಿರಿದಾಯಿತು, ಬಾಯಿ ತೆರೆಯಿತು, ಇನ್ನೂ ತೆರೆಯಿತು, ಮೀಸೆ ನಡುಗಿತು, ಇನ್ನೇನು ಬಂತು ಎನ್ನುವಾಗ ನಿಂತಿತು, ಮತ್ತೆ ಹೊಳ್ಳೆ ಅರಳಿತು. ಒಂದು ಮಗು ಕಿಸಕ್ಕೆಂದಿತು. ಗಂಡಸರ ಕಡೆಯಿಂದ ಯಾರೋ "ನಶ್ಯ ಜಾಸ್ತಿ ಆತು ಕಣ್ಲಾ ತಮ್ಮಂಗೆ" ಎಂದರು. ಮುಖ ಸೀನಿಬಿಟ್ಟಿತು. ಹುಳದ ಮನೆಯೇ ಬಿದ್ದುಹೋಗುವ ಹಾಗೆ ಜನ ನಕ್ಕರು. ಕಣ್ಣೊರೆಸಿಕೊಳ್ಳುತ್ತಿದ್ದ ಹೆಂಗಸರು ಸಹ ಅದೇ ಸೆರಗನ್ನು ಬಾಯಿಗೆ ಇಟ್ಟುಕೊಂಡು ನಕ್ಕರು. ಕೋದಂಡರಾಮಪ್ಪನಿಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ಮೈಯೆಲ್ಲ ಹಗುರಾಯಿತು. ಬೆಳಿಗ್ಗೆಯಿಂದ ಹೊತ್ತಿದ್ದ ಮೂಟೆಯನ್ನು ಯಾರೋ ಇಳಿಸಿಕೊಂಡ ಹಾಗೆ. ನಗುತ್ತಿದ್ದಾರೆ. ಅಂದರೆ ಇದು ನಗುವ ಸಂಗತಿ. ಅಕ್ಕ ಬಂದಾಗ ತಮ್ಮ ಅವಿತುಕೊಳ್ಳುವುದು, ರಾಗಿಯ ಗುಡಾಣ, ಚೊಂಬು, ಎಲ್ಲವೂ ತಮಾಷೆಯದು, ಎಲ್ಲರ ಮನೆಯಲ್ಲೂ ಆಗುವುದು. ಅವನೂ ನಕ್ಕ. ನಗು ಸ್ವಲ್ಪ ತಗ್ಗಿದಾಗ ಹಿಂದಿನ ಸಾಲಿನಿಂದ ಒಂದು ಹೆಣ್ಣುದನಿ, ಮಗುವಿಗೆ ಹೇಳುವಷ್ಟು ಮೆಲ್ಲಗೆ, "ನೂರು ವರ್ಷ ಬಾಳಪ್ಪ," ಎಂದಿತು.

ಬಚ್ಚಮ್ಮನೂ ಆ ಕಥೆಯನ್ನು ಅದೇ ಮನೆಯಲ್ಲಿ, ಅದೇ ಬೀಸುಕಲ್ಲಿನ ಪಕ್ಕದಲ್ಲಿ ಕೇಳಿದವಳು. ಅವಳ ಬಾಯಿಂದ ಮಾತು ತಾನಾಗಿ ಬಂದಿತ್ತು. ಬಾಗಿಲಿನ ಆಚೆಯ ತಮ್ಮನಿಗೆ ಹೇಳಿದಳೋ, ಪಂಚೆಯ ಪಕ್ಕದ ತಮ್ಮನಿಗೆ ಹೇಳಿದಳೋ, ಸುಮ್ಮನೆ ಸೀನಿದವರಿಗೆಲ್ಲ ಹೇಳುವ ಹಾಗೆ ಹೇಳಿದಳೋ. ಜನಕ್ಕೆ ಅದು ಇನ್ನೂ ದೊಡ್ಡ ತಮಾಷೆಯಾಯಿತು. "ಗೋಡೆ ಮೇಲಿನ ಬೊಂಬೆಗೆ ಆಶೀರ್ವಾದ ಮಾಡ್ತವ್ಳೆ ನೋಡು," ಎಂದು ಒಬ್ಬಳು, ಮತ್ತೆ ನಗು. ಪಂಚೆಯ ಮೇಲೆ ಅಕ್ಕ ಸೋರೆಕಾಯಿ ಇಟ್ಟು ಹಿಂತಿರುಗುತ್ತಿದ್ದುದನ್ನು ಯಾರೂ ನೋಡಲಿಲ್ಲ. ಕೋದಂಡರಾಮಪ್ಪ ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಅದು ಒಂದು ಸಿನಿಮಾ ಕೆಟ್ಟುಹೋದ ಕಥೆಯಾಗಿ ಮುಗಿಯುತ್ತಿತ್ತು. ಆದರೆ ಜನ "ಇನ್ನೊಂದು ಸಲ, ಸೀನೋದು ಇನ್ನೊಂದು ಸಲ" ಎಂದು ಕೂಗಿದರು, ಸಾಹೇಬರಿಗೆ ಖುಷಿಯಾಯಿತು, ಯಾವ ಊರಿನಲ್ಲೂ ಜನ ಇಷ್ಟು ಇಷ್ಟಪಟ್ಟಿರಲಿಲ್ಲವಂತೆ. "ಹಾಕೋಣ. ಮೇಷ್ಟ್ರೇ, ನೀವೂ ಸ್ವಲ್ಪ ಹುರುಪಾಗಿ ಹೇಳಿ," ಎಂದು ಸುರುಳಿಯನ್ನು ಹಿಂದಕ್ಕೆ ಸುತ್ತಿದರು.

ಎರಡನೆಯ ಸಲ ತಾಯಿಯ ದನಿ ಬರಲಿಲ್ಲ, ಅವನು ಕರೆಯಲೂ ಇಲ್ಲ. ಪಂಚೆಯ ಮೇಲೆ ಅಕ್ಕ ದೂರದಿಂದ ಬರುತ್ತಿದ್ದಳು. "ಬಂದ್ರಪ್ಪಾ ಅಕ್ಕನೋರು," ಎಂದ, ನಗು ಬಂತು. ಆ ನಗುವಿನ ರುಚಿ ಹತ್ತಿತು. ಇಪ್ಪತ್ತು ವರ್ಷ ಮಗ್ಗಿ ಹೇಳಿಕೊಟ್ಟರೂ ಈ ಊರು ಅವನ ಒಂದು ಮಾತಿಗೆ ಹೀಗೆ ಬಾಯಿ ಬಿಟ್ಟು ಕಾದಿರಲಿಲ್ಲ. "ಅದೇನಂದ್ರೆ ನಾಯನಾ," ಎಂದ, ಏದುಸಿರು ಬಿಡುತ್ತ, "ಅದೇನಂದ್ರೆ ನಾಯನಾ, ಒಂದು ಸೋರೇಕಾಯಿ ತಂದಿವ್ನಿ, ತಮ್ಮಯ್ಯ ಇಲ್ವಾ?" ನಿನ್ನೆಯಿಂದ ಆ ಮಾತನ್ನು ಬೀದಿಯಲ್ಲಿ, ಬಾವಿಕಟ್ಟೆಯಲ್ಲಿ ಕೇಳಿದ್ದ ಹೆಂಗಸರು ಗುರುತು ಹಿಡಿದು ಹೋ ಎಂದರು. ತಲೆಗಳು ಹಿಂದಿನ ಸಾಲಿನ ಕಡೆ ತಿರುಗಿದವು. ಅವನು ಬೆತ್ತವನ್ನು ತಲೆಯ ಮೇಲಿಟ್ಟುಕೊಂಡು, ಪಂಚೆಯ ಮೇಲಿನ ಬೆಳಕಿನೊಳಕ್ಕೇ ಕಾಲಿಟ್ಟು, ಎಡಕ್ಕೆ ವಾಲಿ ವಾಲಿ ನಾಲ್ಕು ಹೆಜ್ಜೆ ನಡೆದು ತೋರಿಸಿದ. ಅವನ ನೆರಳು ಏಳು ಬಾಗಿಲಿನ ಮನೆಯ ಮೇಲೆ ವಾಲುತ್ತ ಹೋಯಿತು. ಮಕ್ಕಳು ನೆಲ ಬಡಿದು ನಕ್ಕವು. ಆ ಬೆಳಕಿನಲ್ಲಿ ನಿಂತಾಗ ಅವನಿಗೆ ಎದುರಿನವರ ಮುಖಗಳು ಮೊದಲ ಸಲ ಕಾಣಿಸಿದವು. ಬಚ್ಚಮ್ಮನೂ ನಗುತ್ತಿದ್ದಳು. ಎಲ್ಲರೂ ನಗುತ್ತಾರೆಂದು ನಗುತ್ತಿದ್ದಳು, ತಮ್ಮ ಇಷ್ಟು ಜನರನ್ನು ನಗಿಸುತ್ತಾನಲ್ಲ ಎಂದು ಹೆಮ್ಮೆಯಿಂದ ನಗುತ್ತಿದ್ದಳು. ಅಶ್ವತ್ಥಮ್ಮ ನಗುತ್ತಿರಲಿಲ್ಲ. ಅವಳು ಬಚ್ಚಮ್ಮನ ಕೈಯನ್ನು ಹಿಡಿದುಕೊಂಡಳು, ಏಳೋಣ ಬಾ ಎನ್ನುವ ಹಾಗೆ ಎಳೆದಳು. ಆಗ ಬಚ್ಚಮ್ಮನಿಗೆ ತಿಳಿಯಿತು. ನಗು ಮುಖದ ಮೇಲಿಂದ ಒಮ್ಮೆಗೇ ಹೋಗಲಿಲ್ಲ, ಎಲ್ಲಿ ಇಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ಉಳಿದಿತ್ತು. ಕೋದಂಡರಾಮಪ್ಪ ಅದನ್ನು ಕಂಡ. ಕಂಡೂ ಸೀನಿದ. ಮೀಸೆ ಕುಣಿಸಿ, ಹೊಳ್ಳೆ ಅರಳಿಸಿ, ಪಂಚೆಯ ಮೇಲಿನ ತಮ್ಮನಿಗಿಂತ ಜೋರಾಗಿ ಸೀನಿದ, ಈ ಸಲ ಯಾರೂ ನೂರು ವರ್ಷ ಬಾಳು ಎನ್ನಲಿಲ್ಲ.

ಬಾಗಿಲು ತೆರೆದಾಗ ಹೊರಗೆ ಇನ್ನೂ ಬಿಸಿಲಿತ್ತು. ಜನ ಕಣ್ಣು ಕಿರಿದು ಮಾಡಿಕೊಂಡು ಹೊರಬಂದರು. ಸಾಹೇಬರ ಹತ್ತಿರ ಇಲಾಖೆಯ ಒಂದು ಅಚ್ಚಿನ ಕಾಗದವಿತ್ತು, ನೋಡಿದವರು ಏನೆಂದರು ಎಂದು ಪ್ರತಿ ಊರಿನಲ್ಲೂ ಐದಾರು ಜನರನ್ನು ಕೇಳಿ ಬರೆದುಕೊಳ್ಳಬೇಕಂತೆ. ಹುಳದ ಮನೆಯ ಮುಂದೆ ಕುರ್ಚಿ ಹಾಕಿಸಿ ಕೂತು, "ತೆಲುಗಿನಲ್ಲಿ ಅಂದರೆ ನೀವು ಕನ್ನಡ ಮಾಡಿ ಹೇಳಿ ಮೇಷ್ಟ್ರೇ," ಎಂದರು. ಕೋದಂಡರಾಮಪ್ಪ ಪಕ್ಕದಲ್ಲಿ ನಿಂತ. ಜನ ಬಂದು ಅವನ ಬೆನ್ನು ತಟ್ಟುತ್ತಿದ್ದರು. "ತಮ್ಮಂದೇ ಸರಿ," ಎಂದ ಒಬ್ಬ ಮುದುಕ, "ಬಂದೋರಿಗೆಲ್ಲ ಬಾಗಿಲು ತೆಗೆದ್ರೆ ಮನೆ ಉಳೀತದಾ?" ಬರೆದುಕೊಂಡರು. "ಆ ಸೋರೇಕಾಯಿ ಆಮೇಲೆ ಯಾರು ತಿಂದ್ರು, ಅದನ್ನ ತೋರಿಸಲೇ ಇಲ್ಲ," ಎಂದಳು ಒಬ್ಬ ಹೆಂಗಸು. ಬರೆದುಕೊಂಡರು. ಇನ್ನೊಬ್ಬ, "ಸಿನಿಮಾಗಿಂತ ಮೇಷ್ಟ್ರೇ ಚೆಂದ," ಎಂದ, ಸಾಹೇಬರು ನಗುತ್ತ ಅದನ್ನೂ ಬರೆದುಕೊಂಡರು. ಬಚ್ಚಮ್ಮ ಜಗಲಿಯಿಂದ ತನ್ನ ಗಂಟು ತೆಗೆದುಕೊಂಡು ಇತ್ತಲೇ ಬರುತ್ತಿದ್ದಳು. ಬೇರೆ ದಾರಿಯಿರಲಿಲ್ಲ, ಮೋಟಾರು ದಾಟಿಯೇ ಊರಾಚೆಗೆ ಹೋಗಬೇಕು. "ನೀವು ಹೇಳಿ ತಾಯಿ, ಕಥೆ ಹೇಗಿತ್ತು?" ಎಂದರು ಸಾಹೇಬರು.

ಅವಳು ನಿಂತಳು. ಸಾಹೇಬರನ್ನು ನೋಡಲಿಲ್ಲ, ತಮ್ಮನನ್ನೂ ನೋಡಲಿಲ್ಲ. ಡೈನಮೋ ಎತ್ತಿ ಮೋಟಾರಿಗೆ ಹಾಕುತ್ತಿದ್ದ ಗಂಗುಲಪ್ಪನನ್ನು ನೋಡಿದಳು. ಆ ಜಾಗದಲ್ಲಿ ಸಿನಿಮಾ ನೋಡದೆ, ನಗದೆ ಇದ್ದ ಗಂಡಸು ಅವನೊಬ್ಬನೇ. "ನಾಯನಾ, ನಾಕು ತಮ್ಮುಡು ಲೇಡು," ಎಂದಳು ತೆಲುಗಿನಲ್ಲಿ, "ಉನ್ನೋಡು ಸಚ್ಚಿಪಾಯ." ಆಮೇಲೆ, ಮಗಳು ನಾಲ್ಕು ದಿನದಿಂದ ಕೊಟ್ಟಿಗೆಯಲ್ಲಿ ಕೂತಿರುವುದನ್ನು ಹೇಳಿ, ನಮ್ಮ ಕಡೆಯವನಂತೆ ಕಾಣುತ್ತೀಯ, ಅಣ್ಣನ ಸ್ಥಾನದಲ್ಲಿ ನಿಂತು ಸೊಪ್ಪು ಕಡಿದು ಕೊಡುತ್ತೀಯಾ ಎಂದು ಕೇಳಿದಳು. ಬೆನ್ನು ತಟ್ಟಿದವರೆಲ್ಲ ಒಂದೊಂದು ಹೆಜ್ಜೆ ಹಿಂದೆ ಸರಿದರು. "ಏನಂತೆ ಮೇಷ್ಟ್ರೇ?" ಎಂದರು ಸಾಹೇಬರು, ಪೆನ್ಸಿಲು ಎತ್ತಿಕೊಂಡು. ಎಲ್ಲರಿಗೂ ಅರ್ಥವಾಗಿತ್ತು, ಅವರೊಬ್ಬರಿಗೆ ಬಿಟ್ಟು. ಕೋದಂಡರಾಮಪ್ಪ ಗಂಟಲು ಸರಿಮಾಡಿಕೊಂಡ. "ಈಯಮ್ಮನಿಗೆ ತಮ್ಮ ಇಲ್ಲವಂತೆ ಸ್ವಾಮಿ," ಎಂದ. "ಇದ್ದವನು ಸತ್ತುಹೋದನಂತೆ. ಮಗಳು ದೊಡ್ಡವಳಾಗಿದ್ದಾಳೆ, ಗುಡ್ಲು ಹಾಕೋಕೆ ಯಾರಾದರೂ ಬೇಕಂತೆ." ತನ್ನದೊಂದು ಮಾತೂ ಸೇರಿಸದೆ, ಆ ದಿನ ಅವನು ಹೇಳಿದ ಸರಿಯಾದ ಅರ್ಥ ಅದೊಂದೇ.

"ಪಾಪ," ಎಂದರು ಸಾಹೇಬರು, ಮನಸ್ಸು ಕರಗಿದವರ ಹಾಗೆ. "ಕಥೆ ನೋಡಿ ತಮ್ಮನ ನೆನಪಾಗಿರಬೇಕು. ನೀವೇ ಹೋಗಿಬನ್ನಿ ಮೇಷ್ಟ್ರೇ, ಪುಣ್ಯ ಬರುತ್ತೆ. ತಮ್ಮನ ಪಾತ್ರ ಅಷ್ಟು ಚೆನ್ನಾಗಿ ಮಾಡಿದಿರಿ, ಒಂದು ದಿನ ನಿಜವಾಗಿ ಮಾಡಿ. ಮೋಟಾರಿನಲ್ಲಿ ಕೋಲಾರದ ತನಕ ನಾನೇ ಬಿಡ್ತೀನಿ." ಯಾರೂ ನಗಲಿಲ್ಲ. ಅಶ್ವತ್ಥಮ್ಮ ಅವನನ್ನೇ ನೋಡುತ್ತಿದ್ದಳು. ಬಚ್ಚಮ್ಮ ನೆಲ ನೋಡುತ್ತಿದ್ದಳು, ಆದರೆ ಗಂಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡಳು, ಯಾರಾದರೂ ಹೊತ್ತುಕೊಳ್ಳಲು ಬರುವುದಾದರೆ ಇರಲಿ ಎನ್ನುವ ಹಾಗೆ. ಹೂಂ ಎಂದರೆ ಸಾಕಾಗಿತ್ತು. ಹೂಂ ಎಂದರೆ ಈ ಬೀದಿಯಲ್ಲಿ ಎಲ್ಲರ ಕಣ್ಣೆದುರಿಗೆ, ಆ ತಮ್ಮ ತಾನೇ ಎಂದೂ, ನಿನ್ನೆ ಕೋಲಾರಕ್ಕೆ ಹೋಗಿರಲೇ ಇಲ್ಲ ಎಂದೂ ಒಪ್ಪಿಕೊಂಡ ಹಾಗಾಗುತ್ತಿತ್ತು, ಅಣಕಿಸಿ ತೋರಿಸಿದ್ದು ಯಾರನ್ನು ಎಂದು ಸಾಹೇಬರಿಗೂ ತಿಳಿಯುತ್ತಿತ್ತು. "ನಾಳೆ ಇಸ್ಕೂಲಿದೆ ಸ್ವಾಮಿ," ಎಂದ ಕೋದಂಡರಾಮಪ್ಪ.

ಗಂಗುಲಪ್ಪ ಕೈಯನ್ನು ಉಟ್ಟ ಪಂಚೆಗೆ ಒರೆಸಿಕೊಂಡು ಬಂದ. "ನಾಳೆ ಒಂದಿನ ನಂಗೆ ಬಿಡುವು ಕೊಡಿ ಬುದ್ಧಿ," ಎಂದು ಸಾಹೇಬರಿಗೆ ಹೇಳಿ, ಬಚ್ಚಮ್ಮನ ಗಂಟನ್ನು ತೆಗೆದುಕೊಂಡು ಮೋಟಾರಿನ ಹಿಂದಿನ ಸೀಟಿನಲ್ಲಿಟ್ಟ. ಅವಳು ಹತ್ತಿ ಕೂತಳು. ಇದ್ದಿಲ ಒಲೆ ಕೆದಕುತ್ತ ಅವನು ಕೇಳಿದ: "ನಿಮ್ಮ ತವರಲ್ಲಿ ಯಾವ ಸೊಪ್ಪು ಹಾಕೋದು ತಾಯಿ? ಒಬ್ಬೊಬ್ಬರ ಮನೇದು ಒಂದೊಂದು." ಬಚ್ಚಮ್ಮನಿಗೆ ಗೊತ್ತಿರಲಿಲ್ಲ. ಸೊಪ್ಪು ತರುವುದಕ್ಕೆ ಹೆಣ್ಣುಮಕ್ಕಳು ಹೋಗುವುದಿಲ್ಲ, ಅದನ್ನು ಅಪ್ಪ ಮಗನಿಗೇ ತೋರಿಸುವುದು. ಕೋದಂಡರಾಮಪ್ಪನಿಗೆ ಅಪ್ಪ ತೋರಿಸಿದ್ದ. ಸೋದರತ್ತೆಯ ಮಗಳಿಗೆ ಗುಡ್ಲು ಹಾಕಲು ಹೋದಾಗ, ಕೆರೆಯ ಏರಿಯ ಕೆಳಗೆ, ಅತ್ತಿಮರದ ಬುಡದಲ್ಲಿ ನಿಲ್ಲಿಸಿ, ನಮ್ಮದು ಅತ್ತಿ ಕಣೋ, ಮರೀಬೇಡ ಎಂದು ಎಳೆಯ ಕೊಂಬೆಯನ್ನು ಅವನ ತಲೆಯ ಮೇಲೆ ಹೊರಿಸಿದ್ದ. ಆ ಹಾಲಿನ ಅಂಟು ಎರಡು ದಿನ ಕೂದಲಿನಲ್ಲಿತ್ತು. ಆವಲಪ್ಪ, ಅಶ್ವತ್ಥಮ್ಮ, ಎಲ್ಲರೂ ಮೇಷ್ಟ್ರ ಕಡೆ ನೋಡಿದರು. ಅವನು ಕೋಟಿನ ಗುಂಡಿ ನೋಡಿಕೊಂಡ. "ಅದೇನು ಸೊಪ್ಪು ಅಂತ ಕೇಳ್ತಿದಾನೆ?" ಎಂದರು ಸಾಹೇಬರು. "ಏನೋ ಹಳ್ಳಿ ಪದ್ಧತಿ ಸ್ವಾಮಿ. ಬರ್ಕೊಳ್ಳೋ ಅಂಥಾದ್ದೇನಲ್ಲ."

"ಯಾವುದಾದ್ರೂ ಸರಿ," ಎಂದಳು ಒಳಗಿನಿಂದ ಬಚ್ಚಮ್ಮ. "ಹಸುರಾಗಿದ್ರೆ ಸಾಕು."

ಮೋಟಾರು ಎರಡು ಸಲ ಕೆಮ್ಮಿ ನಿಂತುಹೋಯಿತು. ಇದ್ದಿಲ ಗಾಡಿಯ ಹಣೆಬರಹವೇ ಅಷ್ಟು, ತಳ್ಳಬೇಕು. ಸಾಹೇಬರು ಕಿಟಕಿಯಿಂದ ತಲೆ ಹಾಕಿ ಕೂಗಿದರು, ಹತ್ತಾರು ಜನ ಹಿಂದೆ ಸೇರಿದರು, ಕೋದಂಡರಾಮಪ್ಪನೂ ಸೇರಿದ. ಹಿಂಬದಿಯ ಗಾಜಿನ ಆಚೆ, ಒಂದು ಮೊಳ ದೂರದಲ್ಲಿ, ಅಕ್ಕನ ತಲೆ ಕಾಣಿಸುತ್ತಿತ್ತು. ಬೈತಲೆಯ ಹತ್ತಿರ ಕೂದಲು ಬೆಳ್ಳಗಾಗಿದ್ದುದನ್ನು ಅವನು ಈವರೆಗೆ ನೋಡಿರಲಿಲ್ಲ. ಅವಳು ತಿರುಗಿ ನೋಡಿಬಿಟ್ಟಾಳು ಎಂದು ಹೆದರಿಕೊಂಡು, ಹಲ್ಲು ಕಚ್ಚಿ, ಎಲ್ಲರಿಗಿಂತ ಜೋರಾಗಿ ತಳ್ಳಿದ.